ಹತ್ತು ಜನರ ಬಾಟಲಿ

ಹೋದ ವಾರ ಹೊಸದುರ್ಗದ ಕೋರ್ಟಿನ ಮುಂದೆ ಒಂದು ಮೊಪೆಡ್ ಬಂದು ನಿಂತಿತು. ಓಡಿಸುತ್ತಿದ್ದವರು ನಮ್ಮ ದೊಡ್ಡಪ್ಪ ತಿಪ್ಪೇಸ್ವಾಮಿ. ಹಿಂದೆ ಕೂತಿದ್ದವರು ಅವರ ಪಕ್ಕದ ಹೊಲದ ರುದ್ರಪ್ಪ. ಇಬ್ಬರೂ ಕೇಸಿಗೆ ಬಂದಿದ್ದರು.

ಯಾವ ಕೇಸು ಅಂತೀರಾ? ಒಬ್ಬರ ಮೇಲೊಬ್ಬರು ಹಾಕಿರೋ ಕೇಸು!

"ಇದೇನು ದೊಡ್ಡಪ್ಪ?" ಅಂದೆ. "ಬಸ್ಸು ತಪ್ಪಿಸ್ಕಂಡು ನಿಂತಿದ್ದ ಕಣಲೇ, ಬಿಟ್ಟು ಬರಾಕಾಗ್ತೈತಾ?" ಅಂದರು.

ಈ ಇಬ್ಬರ ಜಗಳ ಗೊತ್ತಿಲ್ಲದವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಎರಡು ಹೊಲಗಳ ನಡುವಿನ ಬಂಡಿ ದಾರಿಗೆ ಶುರುವಾದದ್ದು ಒಂದು ದಿನ ಕುಡುಗೋಲಿಗೆ ಬಂತು. ದೊಡ್ಡಪ್ಪ ಬೀಸಿದ ಏಟು ರುದ್ರಪ್ಪನವರ ಎಡಗೈಗೆ, ಭುಜದ ಕೆಳಗೆ ಬಿತ್ತು. ಅವರ ಕಡೆಯವರು ದೊಣ್ಣೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಎರಡೂ ಕಡೆ ಕೇಸಾಯಿತು. ಆಮೇಲೆ ವರ್ಷಗಟ್ಟಲೆ ಮಾತಿಲ್ಲ, ಕತೆಯಿಲ್ಲ. ಒಬ್ಬರು ಹೋದ ಮದುವೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಕೊರೋನಾ ಬಂತು.

ಎರಡನೇ ಅಲೆಯಲ್ಲಿ ನಾನು ಊರಲ್ಲೇ ಇದ್ದೆ. ಕಾಲೇಜು ಮುಚ್ಚಿತ್ತು. ಕೆರೆ ಏರಿ ಮೇಲೆ ನಿಂತು ಆನ್‌ಲೈನ್ ಪಾಠ ಮಾಡುತ್ತಿದ್ದೆ (ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ನನ್ನ ಪಾಠವನ್ನು ವಿದ್ಯಾರ್ಥಿಗಳಿಗಿಂತ ಎಮ್ಮೆಗಳೇ ಹೆಚ್ಚು ಕೇಳಿವೆ). ಊರಿನ ಟೈಲರ್ ಹೋಗಿಬಿಟ್ಟ. ಎರಡೂ ಕಡೆಯ ಮಕ್ಕಳಿಗೆ ಯೂನಿಫಾರಂ ಹೊಲಿದವನು. ಅವನನ್ನು ಮಣ್ಣು ಮಾಡೋಕೆ ನಾಲ್ಕು ಜನವೂ ಸೇರಲಿಲ್ಲ.

ದೊಡ್ಡಪ್ಪನ ಸೊಸೆ ಮಂಜುಳತ್ತಿಗೆ ನಮ್ಮೂರಿನ ಆಶಾ ಕಾರ್ಯಕರ್ತೆ. ಟೈಲರ್ ಹೋದ ಮೇಲೆ ಆಕೆ ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಲಿಲ್ಲ. ಲಸಿಕೆಗೆ ಪರದಾಟ ಇದ್ದ ಕಾಲ ಅದು. ಹೇಗೋ ಕಾಡಿ ಬೇಡಿ ಒಂದು ಬಾಟಲಿ ಊರಿಗೆ ತರಿಸಿದಳು. ನರ್ಸಮ್ಮ ಡಬ್ಬಿ ಹಿಡಿದು ಶಾಲೆ ವರಾಂಡದಲ್ಲಿ ಕೂತರು. ನಮ್ಮ ಕಡೆಯಿಂದ ಬಂದವರು ಆರು ಜನ. ಉಳಿದವರಿಗೆ ಸೂಜಿ ಅಂದರೆ ಭಯ.

"ಬಾಟ್ಲಿ ಓಪನ್ ಮಾಡಿದ್ರೆ ಹತ್ತು ಜನಕ್ಕೆ ಹಾಕ್ಬೇಕು. ಇನ್ನೂ ನಾಲ್ಕು ಜನ ಬರ್ಲಿಲ್ಲ ಅಂದ್ರೆ ಮುಂದಿನ ಊರಿಗೆ ಹೋಗ್ತೀನಿ," ಅಂದರು ನರ್ಸಮ್ಮ.

ನಾಲ್ಕು ಜನ ಇದ್ದದ್ದು ರುದ್ರಪ್ಪನವರ ಮನೆಯಲ್ಲಿ.

ಅತ್ತಿಗೆ ನನ್ನ ಕಡೆ ನೋಡಿದಳು. "ಮೇಷ್ಟ್ರೇ, ಹೋದ ವರ್ಷ ಅದೇನೋ ಹೇಳ್ತಿದ್ರಲ್ಲ, ಯುದ್ಧ ನಿಲ್ಸೋದು?"

ಹೌದು, ಹೇಳಿದ್ದೆ. ರೋಗ ಶುರುವಾದಾಗಲೇ, ಬಡಿದಾಡುವವರೆಲ್ಲ ಬಂದೂಕು ಕೆಳಗಿಡಿ, ಮೊದಲು ಈ ಕಾಯಿಲೆ ನೋಡಿಕೊಳ್ಳೋಣ ಅಂತ ದೇಶಗಳೆಲ್ಲ ಸೇರಿ ಕಟ್ಟಿಕೊಂಡ ಸಂಸ್ಥೆಯ ಮುಖ್ಯಸ್ಥರು ಇಡೀ ಜಗತ್ತಿಗೆ ಕರೆ ಕೊಟ್ಟಿದ್ದರು.

"ನಿಲ್ಸಿದ್ರಾ?"

"ಅಲ್ಲೊಬ್ರು ಇಲ್ಲೊಬ್ರು. ಅದೂ ಸ್ವಲ್ಪ ದಿನ."

"ನಂಗೆ ಅರ್ಧ ದಿನ ಸಾಕು, ಬರ್ರಿ," ಅಂದವಳೇ ಹೊರಟುಬಿಟ್ಟಳು.

ನಮ್ಮ ಮನೆಯ ಕಾಲು ಆ ಮನೆಯ ಅಂಗಳಕ್ಕೆ ಬಿದ್ದು ಎಷ್ಟು ವರ್ಷವಾಗಿತ್ತೋ! ರುದ್ರಪ್ಪ ಜಗಲಿ ಮೇಲೆ ಕೂತಿದ್ದರು. "ಯಾಕಮ್ಮ ಬಂದೆ?"

"ಸೂಜಿ ಹಾಕಿಸ್ಕಣಾಕೆ ಕರಿಯಾಕೆ ಬಂದೀನಿ ಮಾವ."

"ನಿಮ್ ಮಾವ ಕುಂತಿರೋ ಜಾಗಕ್ಕೆ ನಾನು ಬರಲ್ಲ. ಅವ್ನು ಎದ್ದೋಗ್ಲಿ, ಬರ್ತೀನಿ."

"ಅವ್ರು ಎದ್ದೋದ್ರೆ ಒಂಬತ್ತೇ ಜನ ಆಗ್ತೀರಿ ಮಾವ. ಬಾಟ್ಲಿ ವಾಪಸ್ ಹೋಗ್ತೈತೆ."

ಶತ್ರುವೂ ಬದುಕಿದರೇ ತಾವೂ ಬದುಕೋದು ಅನ್ನೋ ಪರಿಸ್ಥಿತಿ ಯಾರಿಗೆ ತಾನೆ ಹಿಡಿಸುತ್ತೆ?

"ಜಗಳ ಬಿಡ್ರಿ ಅನ್ನಲ್ಲ," ಅಂದಳು ಅತ್ತಿಗೆ. "ದೇಶ ದೇಶದೋರೇ ಬಂದೂಕ ಕೆಳಗಿಟ್ಟಾರಂತೆ, ಕೇಳ್ರಿ ಮೇಷ್ಟ್ರನ್ನ. ಇವತ್ತೊಂದಿನ ನಿಲ್ಸ್ರಿ. ನಾಳೆಯಿಂದ ಬೇಕಾದ್ರೆ ಮತ್ತೆ ಶುರು ಮಾಡ್ಕಳ್ರಿ. ಟೈಲರಣ್ಣನ ಹೊತ್ಕಂಡು ಹೋಗಾಕೆ ಜನ ಇರ್ಲಿಲ್ಲ ಮಾವ."

ರುದ್ರಪ್ಪ ನನ್ನ ಮುಖ ನೋಡಿದರು. ನಾನು ಹೂಂ ಅಂತ ತಲೆಯಾಡಿಸಿದೆ. (ಅರ್ಧ ಸುಳ್ಳು. ಆದರೆ ನಿಜ ಹೇಳಿ ಆ ಬಾಟಲಿ ವಾಪಸ್ ಕಳಿಸಬೇಕಿತ್ತಾ?)

ಅಷ್ಟರಲ್ಲಿ ಅವರ ಹೆಂಡತಿ ಗಂಗಮ್ಮ ನಾಲ್ಕು ಆಧಾರ್ ಕಾರ್ಡ್ ಹಿಡಿದುಕೊಂಡು ಒಳಗಿಂದ ಬಂದರು. "ನೀವು ಬರ್ರಿ, ಬಿಡ್ರಿ. ನಾನಂತೂ ಹೊಂಟೆ. ನಡಿಯವ್ವ ಮಂಜುಳ, ಹೋಗಾಣ."

ಅವರು ಬಂದರು. ಮಗ, ಸೊಸೆ ಬಂದರು. ಹತ್ತು ಹೆಜ್ಜೆ ಹಿಂದೆ ರುದ್ರಪ್ಪನವರೂ ಬಂದರು.

ತಮ್ಮ ಸರದಿ ಬಂದಾಗ ರುದ್ರಪ್ಪ ಎಡ ತೋಳು ಮೇಲೇರಿಸಿದರು. ಒಂದು ಗೇಣುದ್ದದ ಗಾಯದ ಗುರುತು. "ಇದೇನಜ್ಜ?" ಅಂದರು ನರ್ಸಮ್ಮ, ಸೂಜಿ ಕೈಯಲ್ಲೇ ಹಿಡಿದು.

ದೊಡ್ಡಪ್ಪ ನೆಲ ನೋಡುತ್ತಾ ಕೂತಿದ್ದರು.

"ಹೊಲದಾಗೆ ಕುಡುಗೋಲು ತಾಗಿತ್ತು ಕಣವ್ವ," ಅಂದರು ರುದ್ರಪ್ಪ. ಅಷ್ಟೇ. ಯಾರ ಕುಡುಗೋಲು ಅಂತ ಹೇಳಲಿಲ್ಲ.

ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕಿತ್ತಲ್ಲ? ಒಂದೇ ಬೆಂಚು. ಆ ತುದಿಗೆ ಇವರು, ಈ ತುದಿಗೆ ಅವರು. ಸುಮಾರು ಹೊತ್ತು ಕಳೆದ ಮೇಲೆ ದೊಡ್ಡಪ್ಪ ಎದ್ದು, ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಬಂದು ರುದ್ರಪ್ಪನವರ ಮುಂದೆ ಹಿಡಿದರು.

"ನೋಯ್ತೈತಾ?"

"ಯಾವ್ದು?"

"ಇವತ್ತಿಂದು."

"ಇವತ್ತಿಂದು ಏನಿಲ್ಲ ಬಿಡು," ಅಂದು ರುದ್ರಪ್ಪ ನೀರು ಕುಡಿದರು.

ಸಾಯಂಕಾಲ ದೊಡ್ಡಪ್ಪನಿಗೆ ಜ್ವರ. ಕಂಬಳಿ ಹೊದ್ದು ಮಲಗಿದ್ದವರು ಸೊಸೆಯನ್ನು ಕರೆದು, "ಅವಂದು ಕೈ ಬಾತೈತೇನೋ ನೋಡ್ಕಂಡು ಬಾ. ನಾನು ಕೇಳ್ದೆ ಅನ್ಬ್ಯಾಡ," ಅಂದರು. ಅತ್ತಿಗೆ ಹೋಗಿ ಅದನ್ನೇ ಹೇಳಿದಳು, "ಮಾವ ಕೇಳಿದ್ರು" ಅಂತ! ಎರಡನೇ ಡೋಸಿಗೆ ಆಕೆ ಯಾರನ್ನೂ ಕರೆಯಲಿಲ್ಲ. ಆ ನಾಲ್ಕು ಜನ ನಮಗಿಂತ ಮೊದಲೇ ಬಂದು ಕೂತಿದ್ದರು.

ರಾಜಿ ಆಯಿತಾ? ಇಲ್ಲ. "ಅವ್ನು ಮೊದ್ಲು ಕೇಸ್ ವಾಪಸ್ ತಗಳ್ಲಿ" ಅಂತ ಇಬ್ಬರೂ ಇವತ್ತಿಗೂ ಹೇಳುತ್ತಾರೆ. ಬಂಡಿ ದಾರಿ ಯಾರದು ಅನ್ನೋದೂ ತೀರ್ಮಾನವಾಗಿಲ್ಲ. ಆದರೆ ಆ ದಿನ ಬೆಂಚಿನ ಮೇಲೆ ಕೂತಿದ್ದ ಹತ್ತು ಜನರೂ ಇವತ್ತು ಇದ್ದಾರೆ. ತಪ್ಪು ಯಾರದು ಅಂತ ತೀರ್ಮಾನವಾದ ಮೇಲೇ ಜಗಳ ನಿಲ್ಲಿಸಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಮೊದಲು ನಿಲ್ಲಿಸಿ, ಬದುಕಿಕೊಂಡು, ಆಮೇಲೆ ತೀರ್ಮಾನ ಮಾಡೋಕೇನು ಕಷ್ಟ?

ನಮ್ಮೂರಿಗೇನೋ ಮಂಜುಳತ್ತಿಗೆ ಇದ್ದಳು. ಬಾಂಬು ಹಿಡಿದು ಕೂತಿರೋ ದೊಡ್ಡ ದೊಡ್ಡ ದೇಶದವರ ಜಗಲಿಗೆ ಹೋಗಿ "ಇವತ್ತೊಂದಿನ ನಿಲ್ಸ್ರಿ ಮಾವ" ಅನ್ನೋರು ಯಾರು?