ಕೈಪಿಡಿಯಲ್ಲಿ ಬಿಟ್ಟುಹೋದ ಸಾಲು

ಶಹಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ನಮಗೆ ವೆಬ್‌ಸೈಟ್ ಕಟ್ಟಲು ಕಲಿಸುತ್ತಿದ್ದ ಮೇಡಂ, ಕನ್ನಡಕವನ್ನು ತಲೆಗೇರಿಸಿಕೊಂಡು, "ಕೈಪಿಡ್ಯಾಗ ಬರದಷ್ಟೇ ಮಾಡ್ರಿ" ಎನ್ನುತ್ತಿದ್ದರು. ವೆಬ್‌ಸೈಟಿಗೆ ಸಿದ್ಧ ಚೌಕಟ್ಟು ಕೊಡುವ, ಎಲ್ಲರಿಗೂ ಮುಕ್ತವಾಗಿ ಸಿಗುವ, ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದ ಒಂದು ಫ್ರೇಮ್‌ವರ್ಕಿನ ಕೈಪಿಡಿಯೇ ನಮ್ಮ ಪಾಠ. ಮೂರು ದಿನ ಅದರಂತೆಯೇ ಮಾಡಿದರೂ ನನ್ನ ಪುಟ ತೆರೆಯಲಿಲ್ಲ.

"ನನಗ ತಲಿ ಇಲ್ರಿ ಮೇಡಂ. ನಾಳಿಯಿಂದ ಬರಂಗಿಲ್ರಿ" ಎಂದೆ.

ಅವರು ಪಕ್ಕದಲ್ಲಿ ಕುಳಿತು, ನಾನು ಕೈಪಿಡಿಯಿಂದ ಓದಿ ಹೇಳಿದಷ್ಟನ್ನೇ ಮಾಡಿದರು. ಅವರದೂ ತೆರೆಯಲಿಲ್ಲ. ಕೈಪಿಡಿಯಲ್ಲಿಲ್ಲದ, ತಮಗೆ ರೂಢಿಯಿಂದ ಗೊತ್ತಿದ್ದ ಒಂದು ಸಾಲು ಸೇರಿಸಿದ ಮೇಲೆ ತೆರೆಯಿತು.

"ತಪ್ಪು ನಿಂದಲ್ಲವ್ವ. ಬರದವ್ರು ಒಂದು ಸಾಲು ಬಿಟ್ಟಾರ. ಅವರಿಗೆ ನೀನೇ ಬರದು ಕಳಸು."

"ನಾನಾ?"

"ಎಡವಿದಾಕಿಗೇ ಕಲ್ಲು ಎಲ್ಲಿ ಅದ ಅಂತ ಗೊತ್ತಿರ್ತದ."

ನಾನು ಬರೆದದ್ದರ ಇಂಗ್ಲಿಷ್ ತಿದ್ದಿದರು, ಕಳಿಸಿದವರ ಹೆಸರು ನನ್ನದೇ ಇರಿಸಿದರು. ವಾರದೊಳಗೆ ಆ ಸಾಲು ಕೈಪಿಡಿ ಸೇರಿತು. ಹೊಸ ಬ್ಯಾಚಿನ ಹುಡುಗಿಯರು ಅದನ್ನು ಓದಿ ಸರಾಗವಾಗಿ ಮುಂದೆ ಹೋಗುವುದನ್ನು ಮೇಡಂ ಬಾಗಿಲಲ್ಲಿ ನಿಂತು ನನಗೆ ತೋರಿಸಿದರು.