ಬಾಗದ ಗೆರೆ

ಮಲಪನಗುಡಿಯ ಹುಲಿಗೆಮ್ಮ ಬೆಳಿಗ್ಗೆ ಹೊಸಪೇಟೆಯ ಮೈದಾನದಲ್ಲಿ ಓಡುತ್ತಿದ್ದಳು, ಆಮೇಲೆ ಕಡ್ಡಿರಾಂಪುರದ ತೋಟಗಳಲ್ಲಿ ಬಾಳೆಗೊನೆ ಹೊರುತ್ತಿದ್ದಳು. ಇಪ್ಪತ್ಮೂರರೊಳಗಿನವರ ಐದು ಸಾವಿರ ಮೀಟರ್ ಓಟಕ್ಕೆ ಇದೇ ಅವಳ ಕೊನೆಯ ವರ್ಷ. ಪ್ರತಿ ಸಲವೂ ಕೊನೆಯ ಸುತ್ತಿನಲ್ಲಿ ಅವಳ ಕಾಲು ಕಲ್ಲಾಗುತ್ತಿದ್ದವು.

ಕಾರಣವನ್ನು ಕೋಚ್ ಕೊಟ್ರಯ್ಯ ಕಾಗದದ ಮೇಲೆ ತೋರಿಸಿದ್ದರು. ಎದೆಗೆ ಪಟ್ಟಿ ಕಟ್ಟಿ, ಸುತ್ತಿನಿಂದ ಸುತ್ತಿಗೆ ವೇಗ ಏರಿಸುತ್ತ ಎದೆಬಡಿತ ಗುರುತಿಸಿದರೆ ಮೈಯ ಮಿತಿ ಮುಟ್ಟುವ ತನಕ ಗೆರೆ ನೆಟ್ಟಗೆ ಮೇಲೇರುತ್ತದೆ, ಆಮೇಲೆ ಬಾಗುತ್ತದೆ. ಅವಳದು ನಿಮಿಷಕ್ಕೆ ನೂರಾ ಎಪ್ಪತ್ತೆರಡು ಬಡಿತದ ಹತ್ತಿರವೇ ಬಾಗುತ್ತಿತ್ತು. ಅಲ್ಲಿಂದಾಚೆ ಉಸಿರು ಮೈಗೆ ಸಾಲದು. ಮೂರು ತಿಂಗಳು ಎದೆ ಒಡೆಯುವಂತೆ ಓಡಿದರೂ ಆ ಹಾಳು ಬಾಗು ಕೂದಲೆಳೆಯಷ್ಟೂ ಮುಂದೆ ಸರಿಯಲಿಲ್ಲ.

"ಆಯ್ಕೆ ಓಟಕ್ಕ ಇನ್ನ ವಾರ ಐತಿ. ಮತ್ತೊಂದ್ಸಲ ಪಟ್ಟಿ ಕಟ್ಟಿ ನೋಡೋಣು. ಎರಡು ದಿನ ಸುಮ್ನ ಮಲಕ್ಕೋ ಯವ್ವ," ಎಂದರು ಕೊಟ್ರಯ್ಯ.

ಮಲಗಿದರೆ ಇದ್ದದ್ದೂ ಹೋದೀತೆಂದು ಅವಳಿಗೆ ದಿಗಿಲು. ಎರಡೂ ದಿನ ಕಾಲುವೆಯ ಏರಿಯ ಮೇಲೆ ಮೈ ಬಸವಳಿಯುವ ತನಕ ಓಡಿದಳು.

ಪರೀಕ್ಷೆಯ ದಿನ ಹತ್ತನೇ ಸುತ್ತಿಗೇ ಕುಸಿದು ಕೂತಳು. ಕೂತಲ್ಲಿಂದಲೇ ಕಾಗದ ಇಸಿದುಕೊಂಡು ನೋಡಿದರೆ ಗೆರೆ ಕೊನೆಯ ತನಕ ನೆಟ್ಟಗಿತ್ತು.

"ಎಲ್ಲೂ ಬಗ್ಗಿಲ್ಲ ನೋಡ್ರಿ ಸರ್," ಎಂದಳು. ಕಣ್ಣು ತುಂಬಿ ಬಂದಿದ್ದವು.

ಕೊಟ್ರಯ್ಯ ಅವಳ ಪಕ್ಕದಲ್ಲಿ ಕೂತರು. "ನೂರಾ ಐವತ್ತೆಂಟಕ್ಕ ನಿಂತಿ. ಬಾಗೋ ಜಾಗಕ್ಕ ನೀ ಮುಟ್ಟೇ ಇಲ್ಲವ್ವ. ಗೆರಿ ಬಗ್ಗಾಕೂ ಮೈಯಾಗ ಕಸುವು ಇರಬೇಕು."

ಆಮೇಲೆ ಅವಳ ಬೂಟಿಗೆ ಮೆತ್ತಿದ್ದ ಕಾಲುವೆಯ ಕೆಸರನ್ನೇ ನೋಡುತ್ತ, ಮೆಲ್ಲಗೆ ಕೇಳಿದರು: "ಎರಡು ದಿನದಾಗ ಎಷ್ಟು ಓಡಿದಿ?"