ಬನ್ನಿ ಕೊಡಲು ಯಾರೂ ಬಾರದ ಸಂಜೆ

ನವನಗರಕ್ಕೆ ಬಂದು ನಾಲ್ಕನೇ ತಿಂಗಳು. ದಸರೆಯ ಸಂಜೆ ಗುರುತಿಲ್ಲದ ಹೆಂಗಸೊಬ್ಬಳು ಮೆಟ್ಟಿಲ ಬುಡದಲ್ಲಿ ನನ್ನನ್ನು ತಡೆದು, ಅಂಗೈಗೆ ನಾಲ್ಕು ಎಲೆ ಹಾಕಿ, ಕಾಲು ಮುಟ್ಟಿದಳು.

"ಬಂಗಾರ ತಗೋರಿ ಅಕ್ಕಾರ. ಬಂಗಾರದಂಗ ಇರೂಣು."

ಅದು ಬನ್ನಿಯ ಎಲೆ. ಇಲ್ಲಿ ಆ ದಿನ ಅದನ್ನೇ ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುತ್ತಾರೆ. ನಮ್ಮ ಮೈಸೂರಿನ ದಸರೆ ಬೀದಿಯಲ್ಲಿ ನಿಂತು ನೋಡುವಂಥದ್ದು. ಇಲ್ಲಿನದು ಮನೆಮನೆಗೆ ನಡೆದು ಹೋಗುವಂಥದ್ದು.

ನಾನು ಬಂದದ್ದು ತಮ್ಮನ ಕೋಣೆ ಖಾಲಿ ಮಾಡಲು. ಎರಡು ವರ್ಷ ಇಲ್ಲಿ ಒಬ್ಬನೇ ಇದ್ದ, ಕಥೆ ಬರೆಯುತ್ತಿದ್ದ, ಈ ಬೇಸಿಗೆಯಲ್ಲಿ ತಾನೇ ಜೀವ ತೆಗೆದುಕೊಂಡ. ಖಾಲಿ ಮಾಡಲಾಗಲಿಲ್ಲ. ಗೋಕುಲ ರಸ್ತೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಹಿಡಿದು ಅದೇ ಮಹಡಿಯ ಕೋಣೆಯಲ್ಲಿ ಉಳಿದೆ. ರೊಟ್ಟಿ ಬಡಿಯಲು ಇನ್ನೂ ಬರುವುದಿಲ್ಲ, ಅಂಚು ಹರಿಯುತ್ತದೆ. ಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ ಎಂದು ಅಂಗಡಿಯವರು ನಗುತ್ತಾರೆ.

ಅವನ ಅಚ್ಚಾದ ಕಥೆ ಒಂದೇ. ಪರವೂರಿನವನೊಬ್ಬ ದಸರೆಯ ಸಂಜೆ ಬಾಗಿಲು ತೆರೆದಿಟ್ಟು ಕೂತಿರುತ್ತಾನೆ. ಎಲೆ ಹಿಡಿದವರು ಹಾದು ಹೋಗುತ್ತಾರೆ. ಯಾರೂ ಒಳಗೆ ಬರುವುದಿಲ್ಲ. ಕತ್ತಲಾದ ಮೇಲೆ ಅವನೇ ಬಾಗಿಲು ಹಾಕಿಕೊಳ್ಳುತ್ತಾನೆ. ಅಷ್ಟೇ.

ಕೈಯಲ್ಲಿನ ಎಲೆಯೊಂದಿಗೆ ಕೆಳಗಿನ ಮನೆಗೆ ಹೋದೆ. ಎಲ್ಲರೂ ಕಾಕಾ ಎನ್ನುವ ಮನೆ ಮಾಲೀಕರು ಹೆಂಡತಿ ಕಾಕುವಿನಿಂದ ಚಹಾ ತರಿಸಿದರು. ಕಥೆಯ ವಿಷಯ ಹೇಳಿ, ಹೋದ ದಸರೆಗೆ ಯಾರೂ ಯಾಕೆ ಮೇಲೆ ಹೋಗಲಿಲ್ಲ ಎಂದು ಕೇಳಿದೆ. ಅವರು ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡರು.

"ಸಣ್ಣಾವ್ರು ಹಿರ್ಯಾರ ಮನಿಗೆ ಬಂದು ಬನ್ನಿ ಕೊಡಬೇಕ್ರಿ. ನಾವ ಮ್ಯಾಲೆ ಹತ್ತಿ ಹೋಗೂದು ಪದ್ಧತಿ ಅಲ್ಲ. ಅಂವಾ ಬರ್ತಾನಂತ ನಿಮ್ಮ ಕಾಕು ಸಿಹಿ ಕರಚಿಕಾಯಿ ಕರದು ತಗದಿಟ್ಟಿದ್ಲು. ಬರಲಿಲ್ಲ. ಸೊಕ್ಕಿನ ಹುಡುಗ ಅಂದ್ಕೊಂಡ್ವಿ."

ಆಮೇಲೆ ಮೆಲ್ಲಗೆ, "ನಿಮಗರೆ ಏನರೆ ಹೇಳಿದ್ನೇನ್ರಿ?" ಎಂದರು.

ಇಲ್ಲ ಎಂದೆ. ಅದು ಸುಳ್ಳು. ಅಚ್ಚಿಗೆ ಕೊಡುವ ಮೊದಲೇ ಕಥೆಯನ್ನು ನನಗೆ ಕಳಿಸಿದ್ದ. ಚೆನ್ನಾಗಿದೆ, ಕೊನೆ ಸ್ವಲ್ಪ ಬೇಗ ಆಯಿತು ಎಂದು ಫೋನಿನಲ್ಲಿ ಹೇಳಿ, ಒಲೆಯ ಮೇಲೆ ಸಾರು ಇದೆ ಎಂದು ಫೋನ್ ಇಟ್ಟುಬಿಟ್ಟಿದ್ದೆ. ಬಾಗಿಲು ತೆರೆದು ಕೂತವನು ಯಾರೆಂದು ಕೇಳಲಿಲ್ಲ.

ಯಾವಾಗ ಬರುತ್ತೀ ಎಂದು ಮೈಸೂರಿನಿಂದ ಅಣ್ಣ ಕೇಳುತ್ತಾನೆ. ಬರುತ್ತೇನೆ ಎನ್ನುತ್ತೇನೆ. ಅಲ್ಲಿಗೆ ಹೋದರೆ ನಾನು ಫೋನ್ ಇಟ್ಟ ಆ ಅಡುಗೆಮನೆ. ಇಲ್ಲಿದ್ದರೆ ಅವನೂ ಇಳಿಯದ, ಇವರೂ ಹತ್ತದ ಈ ಮೆಟ್ಟಿಲು. ಎರಡೂ ನನ್ನ ಮನೆಯೇ. ಎರಡರಲ್ಲೂ ಕೂರಲು ಆಗುತ್ತಿಲ್ಲ.